ಮುಸ್ಸಂಜೆಯ ಲೆಕ್ಕ

ಶುಐಬಾದ ನಮ್ಮ ಯಾರ್ಡಿನಲ್ಲಿ ಸಂಜೆಯ ಪಾಳಿ ಮುಗಿದ ಮೇಲೆ ನನಗೆ ಇನ್ನೊಂದು ಕೆಲಸ ಬಾಕಿ ಇರುತ್ತಿತ್ತು. ಸ್ಟೋರಿಗೆ ಬೀಗ ಹಾಕಿ ಹಿಂದಿನ ಮೂಲೆಯ ಸಿದ್ರ್ ಮರದ ಬುಡಕ್ಕೆ ಹೋಗುವುದು, ತಗಡಿನ ಡಬ್ಬಿಯಲ್ಲಿ ನುಚ್ಚು ಕುಲುಕಿ ‘ಬಾ ಬಾ ಬಾ’ ಎಂದು ಕರೆಯುವುದು. ಪೈಪುಗಳ ರಾಶಿಯ ಹಿಂದಿನಿಂದ, ಹಳೆಯ ಕೇಬಲ್ ಡ್ರಮ್ಮುಗಳ ಅಡಿಯಿಂದ ಒಂದೊಂದಾಗಿ ಬರುತ್ತಿದ್ದವು. ಏಳು ಹೇಂಟೆ, ಒಂದು ಹುಂಜ. ಎಂಟರವರೆಗೆ ಎಣಿಸಿಯೇ ಗೂಡಿನ ಬಾಗಿಲು ಹಾಕುತ್ತಿದ್ದೆ. ಏಳಕ್ಕೆ ನಿಂತರೆ ಟಾರ್ಚ್ ಹಿಡಿದು ಹುಡುಕಲು ಹೊರಡುತ್ತಿದ್ದೆ.

ನಾನು ಕಾರ್ಕಳ ತಾಲ್ಲೂಕಿನವನು. 1997ರಲ್ಲಿ ಕುವೈತಿಗೆ ಹೋದೆ. ವಾಸ ಫಹಾಹೀಲಿನಲ್ಲಿ, ಕೆಲಸ ಶುಐಬಾ ಕೈಗಾರಿಕಾ ಪ್ರದೇಶದಲ್ಲಿ. ಸುತ್ತಲೂ ರಿಫೈನರಿಯ ಜ್ವಾಲೆ, ವಿದ್ಯುತ್ ಸ್ಥಾವರದ ಚಿಮಣಿ, ಬಂದರಿನ ಕ್ರೇನು. ಅಂಥಲ್ಲಿ ಒಂದು ಸಿದ್ರ್ ಮರ ಉಳಿದುಕೊಂಡದ್ದೇ ನನಗೆ ದೊಡ್ಡ ವಿಷಯ. ಅದರ ಹಣ್ಣನ್ನು ಕುವೈತಿಗಳು ಕನಾರ್ ಎನ್ನುತ್ತಾರೆ. ಬಾಯಿಗೆ ಹಾಕಿದೊಡನೆ ಗೊತ್ತಾಯಿತು, ಇದು ನಮ್ಮ ಬೋರೆಹಣ್ಣಿನ ಬಳಗದ್ದೇ. ಮುಳ್ಳೂ ಹಾಗೆಯೇ. ಆ ಮುಳ್ಳು ನೋಡಿದ ದಿನವೇ ಊರಿನ ಹಿತ್ತಲಿನ ಮುಳ್ಳುಬೇಲಿ ನೆನಪಾಗಿ ಕೋಳಿ ಸಾಕುವ ಆಸೆ ಹುಟ್ಟಿತು.

ಶುಐಬಾ ಮೊದಲು ಕಡಲತಡಿಯ ಹಳ್ಳಿ. ಬಾವಿ, ಖರ್ಜೂರದ ಮರ, ಮೀನುಗಾರಿಕೆ ಇದ್ದ ಊರು. 1960ರ ದಶಕದಲ್ಲಿ ಕುವೈತ್ ಸರ್ಕಾರ ಇಲ್ಲಿ ಕೈಗಾರಿಕಾ ಪ್ರದೇಶ ಮಾಡಲು ಹೊರಟಿತು. ಗೊಬ್ಬರದ ಕಾರ್ಖಾನೆ ಬಂತು, ಬಂದರು ಬಂತು, 1968ರಲ್ಲಿ ರಿಫೈನರಿ ಶುರುವಾಯಿತು. ಹಳ್ಳಿಯವರು ಬೇರೆ ಕಡೆ ನೆಲೆಸಿದರು. ಭೂಪಟದಲ್ಲಿ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಆ ಹಳ್ಳಿಯಲ್ಲಿ ಹುಟ್ಟಿದ ಮುದುಕರೊಬ್ಬರು ಒಮ್ಮೆ ಯಾವುದೋ ಲೆಕ್ಕಪತ್ರಕ್ಕೆಂದು ನಮ್ಮ ಯಾರ್ಡಿಗೆ ಬಂದಿದ್ದರು. ಹುಂಜದ ಕೂಗು ಕೇಳಿ ನಿಂತರು. ‘ದಿಯಾಯ್?’ ಎಂದರು. ಕುವೈತಿ ಆಡುಮಾತಿನಲ್ಲಿ ಕೋಳಿಗಳಿಗೆ ಹಾಗೆನ್ನುತ್ತಾರೆ. ‘ಹೌದು ಹಜ್ಜಿ, ಬನ್ನಿ’ ಎಂದು ಕರೆದುಕೊಂಡು ಹೋದೆ. ತಮ್ಮ ಮನೆಯ ಅಂಗಳದಲ್ಲಿಯೂ ಇದ್ದವೆಂದರು. ಮನೆಯ ನಾಲ್ಕು ಗೋಡೆಯ ನಡುವೆ ಅಂಗಳ, ಮೂಲೆಯಲ್ಲಿ ಖರ್ಜೂರದ ಗರಿಯ ಮರೆ, ಸಂಜೆ ಅವರ ತಾಯಿ ಅಲ್ಲಿಯೇ ಕೋಳಿ ಒಳಗೆ ಹಾಕುತ್ತಿದ್ದರಂತೆ. ನಾನು ಮಂಗಳೂರು ಕಡೆಯವನೆಂದಾಗ ಅವರ ಮುಖ ಅರಳಿತು. ಅವರ ಹಿರಿಯರು ಹಡಗಿನಲ್ಲಿ ಖರ್ಜೂರ ಒಯ್ದು, ನಮ್ಮ ಕರಾವಳಿಯಿಂದ ಮರ, ತೆಂಗಿನ ನಾರಿನ ಹಗ್ಗ ತರುತ್ತಿದ್ದ ಕಾಲವಂತೆ. 1961ರವರೆಗೆ ಕುವೈತಿನಲ್ಲಿ ನಡೆಯುತ್ತಿದ್ದದ್ದೂ ರೂಪಾಯಿಯೇ.

ಆ ತಾಯಿಯ ಮಾತು ಕೇಳಿದಾಗ ನನಗೆ ಕಂಡದ್ದು ನಮ್ಮ ಅಮ್ಮ. ನಮ್ಮ ಹಿತ್ತಲಿಗೆ ಮೂರು ಕಡೆ ಬೇಲಿ, ಒಂದು ಕಡೆ ಮುರಕಲ್ಲಿನ ಪಾಗಾರ. ಬೇಲಿಯೆಂದರೆ ಗೊಬ್ಬರದ ಗಿಡದ ಗೂಟ, ನಡುನಡುವೆ ನೆಕ್ಕಿ, ಬುಡಕ್ಕೆ ಬಿದಿರ ಮುಳ್ಳು. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಮುಳ್ಳು ಹೊಸದಾಗಿ ಒತ್ತುವುದು ಮನೆಯ ಗಂಡಸರ ಕೆಲಸ. ಗೂಡು ಮುರಕಲ್ಲಿನದು, ಮೇಲೆ ಹೆಂಚು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡುಗಳು ಒಂದೊಂದಾಗಿ ಹೆಂಚಿಗೆ ತಿರುಗಿದವು. ಮನೆಗೆ ಹೊದಿಸಿ ಉಳಿದ ಒಡಕು ಹೆಂಚು ಕೋಳಿಗೂಡಿಗೆ.

ಆದರೆ ಅಮ್ಮ ಬೇಲಿಯನ್ನು ನಂಬಿ ಕೂತವಳಲ್ಲ. ಅವಳು ಹೊತ್ತನ್ನು ನೋಡುತ್ತಿದ್ದಳು. ಒಂದೊಂದು ಶತ್ರುವಿಗೆ ಒಂದೊಂದು ಹೊತ್ತು. ಬೆಳಗಿನ ಬಿಸಿಲು ಏರುವಾಗ ಗಿಡುಗ. ನಡುಹಗಲು, ಮನೆಯವರು ಊಟಕ್ಕೆ ಕೂತಾಗ, ಮುಂಗುಸಿ. ಕತ್ತಲು ಇಳಿಯುವಾಗ ನರಿ. ರಾತ್ರಿ ಕಾಡುಬೆಕ್ಕು, ಪುನುಗುಬೆಕ್ಕು. ಕಾವಿಗೆ ಕೂತ ಹೇಂಟೆಯ ಮೊಟ್ಟೆಗೆ ಹಾವು. ಮರಿ ಇರುವ ತಿಂಗಳಲ್ಲಿ ಅಡುಗೆ ಮಾಡುತ್ತಲೇ ಅವಳ ಕಿವಿ ಹಿತ್ತಲಲ್ಲಿ. ತಾಯಿಕೋಳಿ ಆಕಾಶದ ಗಿಡುಗಕ್ಕೆ ಕೊಡುವ ಎಚ್ಚರಿಕೆಯೇ ಬೇರೆ, ನೆಲದ ಬೆಕ್ಕಿಗೆ ಕೊಡುವುದೇ ಬೇರೆ. ವಿಜ್ಞಾನಿಗಳೂ ಈ ಎರಡು ಕೂಗುಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದಾರೆ. ಅಮ್ಮ ಮೊದಲನೆಯದಕ್ಕೆ ಹೊರಗೆ ಓಡಿ ಮೇಲೆ ನೋಡಿ ಕೂಗು ಹಾಕುತ್ತಿದ್ದಳು, ಎರಡನೆಯದಕ್ಕೆ ಕೋಲು ಹಿಡಿದು ಬೇಲಿಬುಡಕ್ಕೆ ಹೋಗುತ್ತಿದ್ದಳು.

ಹೊಸ ಕೋಳಿ ತಂದರೆ ಅದರ ಕಾಲಿಗೆ ನಾರಿನ ಹುರಿ ಕಟ್ಟಿ ನಾಲ್ಕೈದು ದಿನ ಗೂಡಿನ ಹತ್ತಿರವೇ ಬಿಡುವುದು ಕ್ರಮ. ಇಲ್ಲಿ ಕಾಳು, ಇಲ್ಲಿ ನೀರು, ಇಲ್ಲಿ ರಾತ್ರಿ ಎಂದು ಅದಕ್ಕೆ ತಿಳಿದ ಮೇಲೆ ಹುರಿ ಬಿಚ್ಚುವುದು. ಬೇಲಿ ಹಾರುವ ಹೇಂಟೆಗೆ ಒಂದೇ ಬದಿಯ ರೆಕ್ಕೆಯ ಗರಿ ಕತ್ತರಿಸುವುದು. ದೈವಕ್ಕೆ ಹರಕೆ ಹೇಳಿ ಬಿಟ್ಟ ಹುಂಜವಿದ್ದರೆ ಎಚ್ಚರ ಇನ್ನೂ ಹೆಚ್ಚು. ಅದನ್ನು ಮಾರುವ ಹಾಗಿಲ್ಲ, ಕಳೆದುಕೊಳ್ಳುವ ಹಾಗೂ ಇಲ್ಲ. ದೀಪ ಹಚ್ಚುವ ಮೊದಲು ಗೂಡಿನ ಬಾಗಿಲಲ್ಲಿ ಅವಳು ಎಣಿಸುತ್ತಿದ್ದಳು. ಲೆಕ್ಕ ಸರಿಯಾಗುವ ತನಕ ನಮಗೆ ಕಾಫಿ ಇಲ್ಲ.

ಕೋಳಿ ಮನುಷ್ಯನ ಹತ್ತಿರ ಬಂದ ಕಥೆ ಓದಿದಾಗ ಅಮ್ಮನ ಕ್ರಮದ ಅರ್ಥ ನನಗೆ ಇನ್ನಷ್ಟು ತಿಳಿಯಿತು. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ ಎಲುಬುಗಳು ಸಾಕುಕೋಳಿಯ ಅತಿ ಹಳೆಯ ಕುರುಹು ಎಂದು 2022ರಲ್ಲಿ ಸಂಶೋಧಕರು ಹೇಳಿದರು. ಅವುಗಳ ಕಾಲ ಕ್ರಿ.ಪೂ. 1650ರಿಂದ 1250ರ ನಡುವೆ. ಅವರ ವಿವರಣೆಯ ಪ್ರಕಾರ ಭತ್ತ, ಸಿರಿಧಾನ್ಯ ಬೆಳೆದಲ್ಲಿಗೆ ಕಾಡುಕೋಳಿ ಕಾಳಿನ ಆಸೆಗೆ ತಾನಾಗಿ ಬಂತು. ಅಂದರೆ ಮೊದಲು ಬಂದದ್ದು ಬೇಲಿಯಲ್ಲ, ಒಂದು ಹಿಡಿ ಕಾಳು. ನಮ್ಮ ನೆಲದ ಪಾಲೂ ಅದರಲ್ಲಿದೆ. ಸಾಕುಕೋಳಿಯ ಹಳದಿ ಚರ್ಮ, ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಗೊತ್ತಾಯಿತು. ಬೂದು ಕಾಡುಕೋಳಿ ನಮ್ಮ ಪಶ್ಚಿಮ ಘಟ್ಟದ ಹಕ್ಕಿ. ಶುಐಬಾದ ಮರಳು ಕೆದಕುತ್ತಿದ್ದ ನನ್ನ ಹೇಂಟೆಗಳ ಕಾಲೂ ಹಳದಿಯೇ.

ತಂತಿಬಲೆಯ ಚರಿತ್ರೆ ಬಹಳ ಈಚಿನದು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಚಾರ್ಲ್ಸ್ ಬರ್ನಾರ್ಡ್ ಎಂಬವರು 1844ರಲ್ಲಿ ಬಟ್ಟೆಯ ಮಗ್ಗವನ್ನು ಮಾದರಿಯಾಗಿಟ್ಟುಕೊಂಡು ತಂತಿ ಹೆಣೆಯುವ ಯಂತ್ರ ಮಾಡಿದರು. ಆರು ಮೂಲೆಯ ಕಣ್ಣಿನ ಆ ಬಲೆಯೇ ಲೋಕವೆಲ್ಲ ಹರಡಿತು. ನಮ್ಮ ಮನೆಗೆ ಅದು ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಮುಳ್ಳು ಒತ್ತುವ ಕೆಲಸ ತಪ್ಪಿತೆಂದು ಎಲ್ಲರಿಗೂ ಖುಷಿ. ಅದೇ ವರ್ಷ ಒಂದು ರಾತ್ರಿ ನಾಲ್ಕು ಕೋಳಿ ಹೋದವು. ತೆಳು ತಂತಿಯನ್ನು ಕಿತ್ತು ಯಾವುದೋ ಪ್ರಾಣಿ ಒಳಗೆ ನುಗ್ಗಿತ್ತು. ಆ ಬಲೆ ಕೋಳಿಯನ್ನು ಒಳಗಿಡುತ್ತದೆ, ಹಲ್ಲಿರುವುದನ್ನು ಹೊರಗಿಡುವುದಿಲ್ಲ. ಬಲೆ ಬಂದಿದೆಯಲ್ಲ ಎಂದು ಆ ಸಂಜೆ ಗೂಡಿನ ಬಾಗಿಲು ಹಾಕಿರಲಿಲ್ಲ. ಹಾಕಬೇಕಾದವನು ನಾನು. ಅಮ್ಮ ಬೈಯಲಿಲ್ಲ. ಗರಿಗಳನ್ನು ಗುಡಿಸಿ, ತೆಂಗಿನ ಬುಡಕ್ಕೆ ಹಾಕಿದಳು.

ಆದ್ದರಿಂದ ಶುಐಬಾದಲ್ಲಿ ಗೂಡು ಕಟ್ಟುವಾಗ ದಪ್ಪ ತಂತಿಯ ವೆಲ್ಡ್ ಮೆಶ್ ತಂದೆ. ಮರಳು ಸಡಿಲ, ನಾಯಿ ಒಂದು ರಾತ್ರಿಯಲ್ಲಿ ಅಡಿಯಿಂದ ತೋಡಿಬಿಡುತ್ತದೆ. ಅದಕ್ಕೆ ಮೆಶ್ಶನ್ನು ಬುಡದಲ್ಲಿ ಹೊರಕ್ಕೆ ಮಡಿಸಿ, ಒಂದಡಿ ಹಾಸಿ, ಮೇಲೆ ಸಿಮೆಂಟ್ ಇಟ್ಟಿಗೆ ಹೇರಿದೆ. ಸಿದ್ರ್ ಮರದ ಸವರಿದ ಕೊಂಬೆಗಳನ್ನು ಸುತ್ತ ಒತ್ತಿದೆ. ಕೋಳಿಗಳನ್ನು ತಂದದ್ದು ಅಲ್-ರಾಯ್‌ನ ಶುಕ್ರವಾರದ ಸಂತೆಯಿಂದ. ಕಾಲಿಗೆ ಹುರಿ ಕಟ್ಟಿ ಐದು ದಿನ ಬಿಟ್ಟೆ. ಈಜಿಪ್ಟಿನ ಹಾರಿಸ್, ಅಂದರೆ ಕಾವಲುಗಾರ, ಅದನ್ನು ನೋಡಿ ತಮ್ಮ ಹಳ್ಳಿಯಲ್ಲಿಯೂ ಹೀಗೆಯೇ ಎಂದ. ನಾನು ರಜೆಯಲ್ಲಿ ಊರಿಗೆ ಹೋದರೆ ಅವನೇ ಎಣಿಸುತ್ತಿದ್ದ.

ಅಲ್ಲಿ ಅಮ್ಮ ಕಾಣದ ಶತ್ರುವೊಂದಿತ್ತು, ಬಿಸಿಲು. ಕೋಳಿಯ ಮೈಯ ಬಿಸಿಯೇ 41 ಡಿಗ್ರಿಯ ಮೇಲೆ, ಬೆವರು ಅದಕ್ಕಿಲ್ಲ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಯಿತು. ನನ್ನ ಕೋಳಿಗಳ ಕಾಲದಲ್ಲಿಯೂ 48 ಡಿಗ್ರಿ ಹೊಸದಲ್ಲ. ಕೊಕ್ಕು ತೆರೆದು ಏದುಸಿರು ಬಿಡುತ್ತಾ ರೆಕ್ಕೆ ಅಗಲಿಸಿ ನಿಲ್ಲುತ್ತಿದ್ದವು. ಮೆಶ್ಶಿನ ಮೇಲೆ ಒದ್ದೆ ಗೋಣಿ, ಮಣ್ಣಿನ ಪಾತ್ರೆಯಲ್ಲಿ ಗಂಟೆಗೊಮ್ಮೆ ಹೊಸ ನೀರು. ಜೂನಿನಿಂದ ಸೆಪ್ಟೆಂಬರಿನವರೆಗೆ ಬೇಲಿಗಿಂತ ನೆರಳೇ ಅವುಗಳನ್ನು ಕಾಯಿತು.

2005ರ ನವೆಂಬರಿನಲ್ಲಿ ಕುವೈತಿನ ಕಡಲತಡಿಯ ಒಂದು ರಾಜಹಂಸದಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ ಕಂಡಿತು. 2007ರ ಫೆಬ್ರವರಿ ಕೊನೆಗೆ ರೋಗ ಸಾಕುಹಕ್ಕಿಗಳಲ್ಲಿ ಹಬ್ಬಿತು. ಮೃಗಾಲಯ ಮುಚ್ಚಿತು, ಹಕ್ಕಿಗಳ ಸಂತೆ ನಿಂತಿತು. ಆಕಾಶದಲ್ಲಿ ಹಾದುಹೋಗುವ ಹಕ್ಕಿಯ ಹಿಕ್ಕೆಯಿಂದ ಬರಬಹುದಾದದ್ದನ್ನು ಮುಳ್ಳಾಗಲಿ ಮೆಶ್ಶಾಗಲಿ ತಡೆಯುವುದಿಲ್ಲ. ಯಾರ್ಡಿನಲ್ಲಿ ಇನ್ನೂರು ಜನ ಕೆಲಸ ಮಾಡುತ್ತಿದ್ದರು. ನನ್ನ ಕೋಳಿಗಳಿಗೆ ರೋಗವಿರಲಿಲ್ಲ, ಆದರೂ ಇಟ್ಟುಕೊಳ್ಳುವುದು ಸರಿಯಲ್ಲವೆಂದು ನಾನೇ ತೀರ್ಮಾನ ಮಾಡಿದೆ. ಹಾರಿಸ್ ಮತ್ತು ನಾನು ಎಂಟನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿದೆವು. ಅಂದೂ ಎಣಿಸಿದೆ.

2018ರಲ್ಲಿ ಊರಿಗೆ ಮರಳಿದೆ. ಈಗ ಹಿತ್ತಲಲ್ಲಿ ಸ್ವರ್ಣಧಾರಾ ಕೋಳಿಗಳಿವೆ. ಮೊದಲು ಬಂದ ಗಿರಿರಾಜ ಮೈ ಭಾರದ ತಳಿ. ಸ್ವರ್ಣಧಾರಾ ಅದಕ್ಕಿಂತ ಹಗುರ, ಕಾಡುಬೆಕ್ಕು, ನರಿ ಬಂದರೆ ತಪ್ಪಿಸಿಕೊಳ್ಳುವುದು ಸುಲಭ. ಅಮ್ಮನಿಗೆ ಕಣ್ಣು ಮಂಜಾಗಿದೆ. ಕೋಳಿಗಳು ಗೂಡು ಸೇರುವ ಹೊತ್ತಿಗೆ ಜಗಲಿಯಲ್ಲಿ ಕೂತು, ಮೆಟ್ಟಿಲು ಹತ್ತುವ ಉಗುರಿನ ಸದ್ದಿಗೆ ಕಿವಿ ಕೊಡುತ್ತಾಳೆ. ನಾನು ಬಾಗಿಲು ಹಾಕಲು ಹೋದರೆ, ‘ನಿಲ್ಲು ಮಗ, ಒಂದು ಬರಲಿಲ್ಲ’ ಎನ್ನುತ್ತಾಳೆ. ಟಾರ್ಚ್ ತೆಗೆದುಕೊಂಡು ಹೊರಡುತ್ತೇನೆ.