ಮುಳ್ಳು ಹೇಳುವ ಸುಳ್ಳು

ಪೆಟ್ರೋಲ್ ಮುಳ್ಳು ಅರ್ಧಕ್ಕೆ ನಿಂತಿದೆ, ಗಾಡಿ ಮಾತ್ರ ನಡುರಸ್ತೆಯಲ್ಲಿ ಕೆಮ್ಮಿ ಮಲಗಿದೆ... ಹಳೇ ಕಾರು ಇಟ್ಟವರಿಗೆಲ್ಲ ಗೊತ್ತಿರುವ ಕಥೆ ಇದು. ಆದರೆ ಈ ಮುಳ್ಳೇ ಇಲ್ಲದ ಕಾಲವೂ ಒಂದಿತ್ತು ಮಾರಾಯ್ರೆ.

ಫೋರ್ಡ್ ಮಾಡೆಲ್ ಟಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾಯಿತು. ಗೇಜ್ ಇರಲಿಲ್ಲ. ಹೆಚ್ಚಿನವುಗಳಲ್ಲಿ ಟ್ಯಾಂಕ್ ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತಿ, ಮುಚ್ಚಳ ತೆಗೆದು, ಮರದ ಕಡ್ಡಿ ಅದ್ದಿ ನೋಡಬೇಕು. ಎಷ್ಟು ಒದ್ದೆಯೋ ಅಷ್ಟು ಪೆಟ್ರೋಲ್! ಪಂಪೂ ಇಲ್ಲ, ಪೆಟ್ರೋಲ್ ತಾನಾಗಿಯೇ ಕಾರ್ಬುರೇಟರಿಗೆ ಇಳಿಯಬೇಕು. ಟ್ಯಾಂಕಿನಲ್ಲಿ ಕಡಿಮೆ ಇದ್ದಾಗ ಕಡಿದಾದ ಏರು ಬಂದರೆ ಎಂಜಿನ್ ನಿಲ್ಲುತ್ತಿತ್ತು. ಆಗ ಗಾಡಿ ತಿರುಗಿಸಿ ರಿವರ್ಸಿನಲ್ಲೇ ಗುಡ್ಡ ಹತ್ತುತ್ತಿದ್ದರು!

1927ರ ಕೊನೆಗೆ ಬಂದ ಮಾಡೆಲ್ ಎ ಕಾರಿನಲ್ಲಿ ಟ್ಯಾಂಕೇ ಡ್ಯಾಶ್‌ಬೋರ್ಡಿನ ಹಿಂದೆ. ಪೆಟ್ರೋಲಿನಲ್ಲಿ ತೇಲುವ ಬೆಂಡು ನೇರವಾಗಿ ಅಂಕಿ ತೋರಿಸುತ್ತಿತ್ತು. ತಂತಿ ಇಲ್ಲ, ಕರೆಂಟ್ ಇಲ್ಲ, ಹಾಗಾಗಿ ಸುಳ್ಳು ಹೇಳಲು ಅವಕಾಶವೂ ಕಡಿಮೆ. (ಮೊಣಕಾಲಿನ ಮುಂದೆ ತುಂಬಿದ ಪೆಟ್ರೋಲ್ ಟ್ಯಾಂಕ್ ಇಟ್ಟುಕೊಂಡು ಓಡಿಸುವ ಧೈರ್ಯ ಬೇರೆ ವಿಷಯ.)

ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಗೇಜ್ ಬಂದಿದ್ದು 1961ರಲ್ಲಿ. ಅಲ್ಲಿಯವರೆಗೆ ಕಾಲ ಬಳಿಯ ರಿಸರ್ವ್ ನಲ್ಲಿಯೇ ಗತಿ. ಎಂಜಿನ್ ಮುಗ್ಗರಿಸಿದಾಗ ಕಾಲಲ್ಲೇ ಅದನ್ನು ತಿರುಗಿಸಬೇಕು. ಪೆಟ್ರೋಲ್ ಹಾಕಿಸಿದ ಮೇಲೆ ವಾಪಸ್ ತಿರುಗಿಸಲು ಮರೆತರೆ, ಮುಂದಿನ ಸಲ ರಿಸರ್ವೂ ಇಲ್ಲ. ಚೇತಕ್ ಸ್ಕೂಟರ್ ಓಡಿಸಿದವರಿಗೆ ಈ ಸಂಕಟ ವಿವರಿಸಬೇಕಿಲ್ಲ :)

ಸುಳ್ಳು ಶುರುವಾಗಿದ್ದು ಕರೆಂಟಿನ ಗೇಜ್ ಬಂದ ಮೇಲೆ. ಟ್ಯಾಂಕಿನ ತೇಲುಗುಂಡು ಮೇಲೆ ಕೆಳಗೆ ಆಡಿದಂತೆ ಅದರ ಕೈ ಒಂದು ರೆಸಿಸ್ಟೆನ್ಸ್ ತಂತಿಯ ಮೇಲೆ ಸರಿಯುತ್ತದೆ, ಅದಕ್ಕೆ ತಕ್ಕಷ್ಟು ಕರೆಂಟ್ ಹರಿದು ಮುಳ್ಳು ಏಳುತ್ತದೆ. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳ ಗೇಜಿನಲ್ಲಿ ಬಿಸಿಯಾದರೆ ಬಾಗುವ ಜೋಡಿಲೋಹದ ಪಟ್ಟಿ ಇತ್ತು. ಬ್ಯಾಟರಿಯ ಏರಿಳಿತ ಅದಕ್ಕೆ ತಟ್ಟದಿರಲೆಂದು ಸರಾಸರಿ 10 ವೋಲ್ಟ್ ಕೊಡುವ ಸ್ಟೆಬಿಲೈಸರ್ ಡಬ್ಬಿಯನ್ನೂ ಹಾಕಿದರು. ಪತ್ತೇದಾರಿಕೆ ಇಲ್ಲಿಂದಲೇ ಶುರು. ಪೆಟ್ರೋಲ್ ಮುಳ್ಳು, ಬಿಸಿ ತೋರಿಸುವ ಮುಳ್ಳು ಎರಡೂ ಒಟ್ಟಿಗೆ ಹುಚ್ಚು ಹಿಡಿದಂತೆ ಆಡಿದರೆ ಮೊದಲ ಅನುಮಾನ ಆ ಡಬ್ಬಿಯ ಮೇಲೆ. ಪೆಟ್ರೋಲಿನದ್ದು ಮಾತ್ರ ಸತ್ತು ಬಿದ್ದಿದ್ದರೆ ಟ್ಯಾಂಕಿನ ಹತ್ತಿರ ಹೋಗಬೇಕು. ಅಲ್ಲಿನ ತಂತಿ ಬಿಡಿಸಿ ಕ್ಷಣಕಾಲ ಬಾಡಿಗೆ ಅರ್ತ್ ಮಾಡಿದಾಗ ಮುಳ್ಳು ಫುಲ್‌ಗೆ ಏರಿದರೆ ಗೇಜೂ ತಂತಿಯೂ ಸರಿ ಇವೆ, ಕೆಟ್ಟಿದ್ದು ಟ್ಯಾಂಕಿನೊಳಗಿನದು ಅಥವಾ ತುಕ್ಕು ಹಿಡಿದ ಅದರ ಅರ್ತ್. (ನನ್ನ ಕೇಳಿದರೆ ಮೊದಲು ತುಕ್ಕು ಉಜ್ಜಿ ನೋಡಿ, ಖರ್ಚಿಲ್ಲ.) ಮುಳ್ಳು ಅಲುಗಲೇ ಇಲ್ಲವೋ, ತಂತಿ ಅಥವಾ ಗೇಜ್.

ತಮಾಷೆ ಅಂದರೆ ಜನರಲ್ ಮೋಟರ್ಸಿನ ಹಳೆಯ ಅಮೆರಿಕನ್ ಕಾರುಗಳಲ್ಲಿ ಎಲ್ಲ ಉಲ್ಟಾ. ಅರ್ತ್ ಮಾಡಿದರೆ ಖಾಲಿ, ತಂತಿ ಬಿಡಿಸಿದರೆ ಫುಲ್! ತಂತಿ ಕಿತ್ತುಹೋದ ಕಾರು ಸದಾ ಟ್ಯಾಂಕ್ ತುಂಬಿದೆ ಅನ್ನುತ್ತದೆ. ಬ್ರಿಟಿಷ್ ಕಾರು ಹಾಗಲ್ಲ, ತಂತಿ ಕಿತ್ತರೆ ಖಾಲಿ ಅನ್ನುತ್ತದೆ. ಸುಳ್ಳೇ, ಆದರೆ ನಡುದಾರಿಯಲ್ಲಿ ಕೈಬಿಡುವ ಸುಳ್ಳಲ್ಲ.

ಮಾಡಿ ನೋಡುವವರಿಗೆ ಒಂದು ಮಾತು. ಕೀ ಆಫ್ ಮಾಡಿಯೇ ತಂತಿ ಜೋಡಿಸಿ, ಆಮೇಲೆ ಆನ್ ಮಾಡಿ. ಪೆಟ್ರೋಲ್ ಆವಿಯ ಪಕ್ಕ ಒಂದು ಕಿಡಿ ಸಾಕು. ನಿಮ್ಮ ಗಾಡಿಯ ಮುಳ್ಳು ಯಾವ ಕಡೆ ಹೋಯಿತು ಅಂತ ಬಂದು ಹೇಳಿ.