ಹಂಚಿಕೊಂಡ ಸೂಜಿ, ಹರಡಿದ ಸೋಂಕು: ಮಣಿಪುರ ಕಲಿಸಿದ ಪಾಠ

ಮಾದಕ ದ್ರವ್ಯವನ್ನು ಚುಚ್ಚಿಕೊಳ್ಳುವವರ ಪ್ರಾಣಕ್ಕೆ ಎರವಾಗುವುದು ಆ ದ್ರವ್ಯವೊಂದೇ ಅಲ್ಲ. ಒಬ್ಬರು ಬಳಸಿದ ಸಿರಿಂಜನ್ನು ಮತ್ತೊಬ್ಬರು ಬಳಸಿದಾಗ, ಅದರಲ್ಲಿ ಉಳಿದ ರಕ್ತದ ಅಂಶದೊಡನೆ ಎಚ್‌ಐವಿ, ಹೆಪಟೈಟಿಸ್ ಬಿ ಹಾಗೂ ಹೆಪಟೈಟಿಸ್ ಸಿ ವೈರಾಣುಗಳು ನೇರವಾಗಿ ದೇಹವನ್ನು ಸೇರುತ್ತವೆ. ವ್ಯಸನ ಬಿಡುವ ತನಕ ಕಾಯದೆ ಮೊದಲು ಈ ಸಾವುನೋವನ್ನು ತಡೆಯಬೇಕೆಂಬ ಆರೋಗ್ಯ ನೀತಿಯೇ ‘ಹಾನಿ ತಗ್ಗಿಸುವಿಕೆ’.

ಭಾರತದಲ್ಲಿ ಇದರ ಅಗತ್ಯವನ್ನು ಮನಗಾಣಿಸಿದ್ದು ಮಣಿಪುರ. ಮ್ಯಾನ್ಮಾರ್ ಗಡಿಯ ಮೊರೆ ಪಟ್ಟಣದ ಮೂಲಕ ‘ನಂಬರ್ 4’ ಎಂದು ಕರೆಯಲಾಗುವ ಹೆರಾಯಿನ್ 1980ರ ದಶಕದಲ್ಲಿ ಅಲ್ಲಿ ಸುಲಭವಾಗಿ ದೊರೆಯತೊಡಗಿತು. ಸಿರಿಂಜ್ ಮಾತ್ರ ಸುಲಭವಾಗಿ ಸಿಗುತ್ತಿರಲಿಲ್ಲ. 1989ರ ಸೆಪ್ಟೆಂಬರ್‌ವರೆಗೆ ವ್ಯಸನಿಗಳ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಕಂಡುಬಂದಿರಲಿಲ್ಲ. ಒಂದು ವರ್ಷ ತುಂಬುವ ಮೊದಲೇ, ಪರೀಕ್ಷೆಗೊಳಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸೋಂಕಿತರಾಗಿದ್ದರು. ಸೋಂಕು ಅಲ್ಲಿಗೇ ನಿಲ್ಲದೆ, ಎಂದೂ ಸೂಜಿ ಮುಟ್ಟದ ಪತ್ನಿಯರನ್ನೂ ಅವರ ಮಕ್ಕಳನ್ನೂ ತಲುಪಿತು.

ಆರಂಭದ ಪ್ರತಿಕ್ರಿಯೆ ದಂಡನೆಯದ್ದೇ ಆಗಿತ್ತು. ವ್ಯಸನಿಗಳನ್ನು ಜೈಲಿಗೆ ತಳ್ಳಲಾಯಿತು. ಸಶಸ್ತ್ರ ಸಂಘಟನೆಗಳು ಅವರಿಗೆ ಗುಂಡಿಕ್ಕಿದ ಪ್ರಕರಣಗಳೂ ನಡೆದವು. ಇದರಿಂದ ಚುಚ್ಚಿಕೊಳ್ಳುವುದು ನಿಲ್ಲಲಿಲ್ಲ, ಮರೆಗೆ ಸರಿಯಿತು. ಮರೆಯಲ್ಲಿ ಸೂಜಿ ಹಂಚಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹೆರಾಯಿನ್ ಸಿಗದಾಗ ನೋವುನಿವಾರಕ ಕ್ಯಾಪ್ಸೂಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಚುಚ್ಚಿಕೊಂಡವರ ಕೈಕಾಲುಗಳಲ್ಲಿ ಕೀವು ತುಂಬಿ, ಕೆಲವರು ಅಂಗವನ್ನೇ ಕಳೆದುಕೊಂಡರು. 1996ರಲ್ಲಿ ಮಣಿಪುರ ಸರಕಾರ ಪ್ರಕಟಿಸಿದ ಏಡ್ಸ್ ನೀತಿಯು ಹಾನಿ ತಗ್ಗಿಸುವ ಮಾರ್ಗವನ್ನು ಒಪ್ಪಿಕೊಂಡಿತು. ಬೇರಾವ ರಾಜ್ಯವೂ ಆಗ ಈ ಎದೆಗಾರಿಕೆ ತೋರಿರಲಿಲ್ಲ ಎಂಬುದು ಉಲ್ಲೇಖಾರ್ಹ.

ಈ ಕಾರ್ಯಕ್ರಮದಲ್ಲಿ ಬಳಸಿದ ಸೂಜಿಯನ್ನು ಹಿಂಪಡೆದು ಹೊಸದನ್ನು ನೀಡಲಾಗುತ್ತದೆ. ಸೂಜಿಯಷ್ಟೇ ಅಲ್ಲ, ದ್ರವ್ಯ ಕಲಸುವ ಚಮಚ, ಸೋಸುವ ಹತ್ತಿ, ನೀರು ಇವನ್ನೂ ಹಂಚಿಕೊಳ್ಳಬಾರದು. ಹೆಪಟೈಟಿಸ್ ಸಿ ವೈರಾಣು ಸಿರಿಂಜಿನೊಳಗೆ ವಾರಗಟ್ಟಲೆ ಜೀವಂತವಾಗಿರಬಲ್ಲದು. ಇದಕ್ಕೆ ಲಸಿಕೆಯಿಲ್ಲ, ಆದರೆ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ಬಹುತೇಕ ಎಲ್ಲರೂ ಗುಣಮುಖರಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ. ಹೆಪಟೈಟಿಸ್ ಬಿಗೆ ಲಸಿಕೆಯಿದೆ.

ಇನ್ನೊಂದು ಆಧಾರ ಬದಲಿ ಔಷಧ. ನಾಲಿಗೆಯ ಕೆಳಗಿಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಅಥವಾ ಕುಡಿಯುವ ಮೆಥಡೋನ್, ಹೆರಾಯಿನ್ ಇಲ್ಲದಾಗಿನ ಯಾತನೆಯನ್ನು ಶಮನಗೊಳಿಸುತ್ತದೆ. ಸೂಜಿಯ ಹಂಗು ತಪ್ಪಿದವನು ದುಡಿಮೆಗೆ ಮರಳಬಲ್ಲ. ಆದರೆ ಔಷಧಕ್ಕಾಗಿ ಪ್ರತಿದಿನ ಕೇಂದ್ರಕ್ಕೆ ಹೋಗಬೇಕೆಂಬ ನಿಯಮವೇ ಅನೇಕರಿಗೆ ತೊಡಕು; ಕೂಲಿಯವನಿಗೆ ಅದು ಅರ್ಧ ದಿನದ ಸಂಪಾದನೆ. 2020ರ ಕೋವಿಡ್ ಸಮಯದಲ್ಲಿ ಮಾತ್ರೆಗಳನ್ನು ಮನೆಗೆ ಒಯ್ಯಲು ಅವಕಾಶ ನೀಡಲಾಯಿತು.

ಅತಿ ಹೆಚ್ಚು ಅಪಾಯದ ಗಳಿಗೆಯೊಂದನ್ನು ಕುಟುಂಬದವರು ಅರಿತಿರಬೇಕು. ವ್ಯಸನಮುಕ್ತಿ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದವನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅದೇ ಪ್ರಮಾಣ ಚುಚ್ಚಿಕೊಂಡರೆ ಉಸಿರಾಟ ನಿಂತುಹೋಗಬಹುದು. ತುಟಿ ನೀಲಿಗಟ್ಟಿದರೆ, ಕರೆದರೆ ಎಚ್ಚರವಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಾಲಾಕ್ಸೋನ್ ಚುಚ್ಚುಮದ್ದು ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು.

ಸೂಜಿ ಕೊಡುವುದು ವ್ಯಸನಕ್ಕೆ ಕುಮ್ಮಕ್ಕಲ್ಲವೇ ಎಂಬ ಆಕ್ಷೇಪ ಹಳೆಯದು. ಹಲವು ದೇಶಗಳ ಅಧ್ಯಯನಗಳು ಅದನ್ನು ಪುಷ್ಟೀಕರಿಸಿಲ್ಲ. 1985ರ ಮಾದಕ ದ್ರವ್ಯ ಕಾಯ್ದೆ ಸೇವನೆಯನ್ನು ಅಪರಾಧವೆಂದೇ ಪರಿಗಣಿಸುತ್ತದೆ. ಆದರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಮು, ಸೋಂಕು ತಡೆಗೆ ಶುದ್ಧ ಸೂಜಿ ನೀಡುವುದು ಅಪರಾಧವಲ್ಲವೆಂದು ಸ್ಪಷ್ಟಪಡಿಸಿದೆ. ಸೂಜಿ ಕೊಡುವವನಿಗೆ ರಕ್ಷಣೆ, ಪಡೆಯುವವನಿಗೆ ಪೊಲೀಸರ ಭಯ: ಈ ಇಬ್ಬಂದಿತನ ಇನ್ನೂ ಬಗೆಹರಿದಿಲ್ಲ.

ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ, ದೇಶದಲ್ಲಿ ಮಾದಕ ದ್ರವ್ಯ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. 2017ರ ಕಣ್ಗಾವಲಿನ ಪ್ರಕಾರ ಈ ವರ್ಗದಲ್ಲಿ ಎಚ್‌ಐವಿ ಪ್ರಮಾಣ ಶೇ 6.26, ದೇಶದ ವಯಸ್ಕರಲ್ಲಿ ಅದು ಸುಮಾರು ಶೇ 0.2 ಮಾತ್ರ.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಚಿಕಿತ್ಸೆ ಲಭ್ಯವಿದೆ. ಎಚ್‌ಐವಿ ಕುರಿತ ಮಾಹಿತಿಗೆ 1097, ವ್ಯಸನಮುಕ್ತಿಯ ನೆರವಿಗೆ 14446 ಉಚಿತ ದೂರವಾಣಿ ಸಂಖ್ಯೆಗಳಾಗಿವೆ.