ಮಧುಗಿರಿ ಸೀಮೆಯ ಭೂದೃಶ್ಯ ಮತ್ತು ರಾಜ್ಯನೀತಿಯ ಆದ್ಯತೆಗಳು

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಯಲುಸೀಮೆಯ ಮಳೆಯಾಶ್ರಿತ ಪ್ರದೇಶಗಳು. ಬೋಳು ಬಂಡೆಯ ಬೆಟ್ಟ, ಅದರ ಬುಡದ ಕುರುಚಲು ಕಾಡು, ಗೋಮಾಳ, ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಕೆರೆ, ಕೆರೆಯ ಕೆಳಗಿನ ಅಚ್ಚುಕಟ್ಟು ಇವೇ ಇಲ್ಲಿಯ ಭೂದೃಶ್ಯದ ಅಂಗಗಳು. ಇಂಥ ನೆಲದ ಪರವಾಗಿ ಸರ್ಕಾರದ ಮುಂದೆ ಮಾತನಾಡುವವರು ಮೊದಲು ಏನನ್ನು ಕೇಳಬೇಕು ಎಂಬ ಪ್ರಶ್ನೆಗೆ ಈ ಸೀಮೆಯ ಚರಿತ್ರೆಯಲ್ಲಿಯೇ ಉತ್ತರದ ಸುಳಿವುಗಳಿವೆ.

ಬಿಜಾಪುರದ ಪತನಾನಂತರ 1687ರಲ್ಲಿ ಶಿರಾ ಮೊಗಲರ ಸುಬಾದ ಕೇಂದ್ರವಾಯಿತು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ಆಳಿದ ದಿಲಾವರ್ ಖಾನನ ಅರಮನೆಯೂ ಖಾನ್ ಬಾಗ್ ಎಂಬ ಉದ್ಯಾನವೂ ಹೆಸರುವಾಸಿಯಾಗಿದ್ದವು. ಬೆಂಗಳೂರಿನ ಲಾಲ್‌ಬಾಗಿಗೆ ಖಾನ್ ಬಾಗ್ ಪ್ರೇರಣೆಯಾಗಿರಬಹುದೆಂಬ ಅಭಿಪ್ರಾಯವನ್ನು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಕಾಣಬಹುದು. ಆದರೆ ಎರಡು ತೋಟಗಳ ಗತಿ ಬೇರೆಬೇರೆಯಾಯಿತು. ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿ, ಅದಕ್ಕೊಂದು ಇಲಾಖೆ, ಅಧಿಕಾರಿ, ಅನುದಾನಗಳು ದೊರೆತವು. ಖಾನ್ ಬಾಗ್ ಅಧಿಕಾರಸ್ಥನ ವೈಭವವನ್ನು ಅವಲಂಬಿಸಿದ್ದುದರಿಂದ ಸುಬಾದೊಂದಿಗೇ ಕಳೆಗುಂದಿತು. ವಿನ್ಯಾಸದ ಸೊಬಗಿಗಿಂತ ಅದನ್ನು ಪೋಷಿಸುವ ಸಂಸ್ಥೆಯೇ ಭೂದೃಶ್ಯವೊಂದರ ಆಯುಷ್ಯವನ್ನು ನಿರ್ಧರಿಸುತ್ತದೆ ಎಂಬುದು ಇದರಿಂದ ವೇದ್ಯವಾಗುತ್ತದೆ.

ಕೆರೆಗಳ ಚರಿತ್ರೆ ಇನ್ನೊಂದು ತತ್ತ್ವವನ್ನು ಮುಂದಿಡುತ್ತದೆ. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಸಂಸ್ಥಾನದ ಕೆರೆಗಳು ಒಂದೊಂದೇ ನಿಂತಿಲ್ಲ, ಕಣಿವೆಯುದ್ದಕ್ಕೂ ಸರಪಳಿಯಂತೆ ಹೊಂದಿಕೊಂಡಿವೆ ಎಂಬುದನ್ನು ಗುರುತಿಸಿದರು. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನದಕ್ಕೂ ಅಪಾಯ. ಮೇಲಿನ ಕಾಲುವೆ ಮುಚ್ಚಿದರೆ ಕೆಳಗಿನದು ಬರಿದು. ಆದುದರಿಂದ ದುರಸ್ತಿಯ ಘಟಕ ಕೆರೆಯಲ್ಲ, ಇಡೀ ಸರಣಿ. 1911ರ ಮೈಸೂರು ಕೆರೆ ಪಂಚಾಯತಿ ಕಾಯಿದೆಯು ಊರವರ ಹೊಣೆಯನ್ನು ಶಾಸನದ ಚೌಕಟ್ಟಿಗೆ ತಂದಿತು. ಆದರೆ ಕೊಳವೆಬಾವಿಗಳು ಹೆಚ್ಚಿದಂತೆ ತೂಬು, ಕೋಡಿ, ನೀರುಗಂಟಿಯ ವ್ಯವಸ್ಥೆ ಸಡಿಲಗೊಂಡಿತು. 2014ರಲ್ಲಿ ಕೆರೆಗಳ ಸಂರಕ್ಷಣೆಗೆಂದು ಪ್ರಾಧಿಕಾರವೊಂದನ್ನು ರಚಿಸುವ ಕಾನೂನನ್ನು ರಾಜ್ಯ ಮತ್ತೆ ರೂಪಿಸಬೇಕಾಗಿ ಬಂದುದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ಇತ್ತೀಚಿನ ದಶಕಗಳಲ್ಲಿ ಕೆರೆಯ ಹೊರಗಿನ ಬಯಲೂ ನೀತಿಯ ವಸ್ತುವಾಗಿದೆ. 2002ರ ತಿದ್ದುಪಡಿಯಿಂದ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ ಸಂರಕ್ಷಣಾ ಮೀಸಲು ಎಂಬ ವರ್ಗ ಸೇರಿತು. ಅದರನ್ವಯ 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು ಜಯಮಂಗಲಿ ಕೃಷ್ಣಮೃಗ ಮೀಸಲಾಯಿತು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡುಕಟ್ಟುವುದು ಗ್ರಾಮಸ್ಥರ ಸಹನೆಯಿಂದ. ಪಾವಗಡದಲ್ಲಿ ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ 2019ರ ವೇಳೆಗೆ ಪೂರ್ಣಗೊಂಡಿತು. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ ಆರಂಭದಲ್ಲಿ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದುದು ಇದರ ವೈಶಿಷ್ಟ್ಯ. ಆದರೆ ಗುತ್ತಿಗೆಯ ಹಣ ಪಟ್ಟಾದಾರರಿಗೆ ಸಂದಿತೇ ಹೊರತು ಅದೇ ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಕೂಲಿ ಮಾಡುತ್ತಿದ್ದವರಿಗೂ ಸಲ್ಲಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವರ ಬಳಕೆಯೂ ಭೂದೃಶ್ಯದ ಅಂಗವೇ ಎಂಬುದನ್ನು ಈ ಉದಾಹರಣೆ ನೆನಪಿಸುತ್ತದೆ.

ಭಾರತದಲ್ಲಿ 1972ರ ವಾಸ್ತುಶಿಲ್ಪಿಗಳ ಅಧಿನಿಯಮವು ಕಟ್ಟಡ ವಾಸ್ತುಶಿಲ್ಪಿಗಳ ನೋಂದಣಿಗೆ ಪರಿಷತ್ತೊಂದನ್ನು ಒದಗಿಸಿದೆ; ಭೂದೃಶ್ಯ ವಾಸ್ತುಶಿಲ್ಪಕ್ಕೆ ಅಂಥ ಪ್ರತ್ಯೇಕ ಶಾಸನಬದ್ಧ ಪರಿಷತ್ತಿಲ್ಲ. ಈ ವೃತ್ತಿಯ ಭಾರತೀಯ ಸಂಘ ರೂಪುಗೊಂಡುದು 2003ರಲ್ಲಿ. ಸಹಜವಾಗಿಯೇ ವೃತ್ತಿಯ ಮಾನ್ಯತೆಯನ್ನು ಮೊದಲು ಕೇಳಬೇಕೋ ನೆಲದ ರಕ್ಷಣೆಯನ್ನೋ ಎಂಬ ಆಯ್ಕೆ ಎದುರಾಗುತ್ತದೆ. 2000ದಲ್ಲಿ ಫ್ಲಾರೆನ್ಸಿನಲ್ಲಿ ಅಂಗೀಕೃತವಾದ ಯುರೋಪಿನ ಭೂದೃಶ್ಯ ಒಡಂಬಡಿಕೆಯು ಸುಂದರ ತಾಣಗಳಿಗಷ್ಟೇ ಅಲ್ಲದೆ ದಿನನಿತ್ಯದ, ಹಾಳಾದ ನೆಲಕ್ಕೂ ನೀತಿಯ ಗಮನ ಸಲ್ಲಬೇಕೆಂದಿತು.

ಮಧುಗಿರಿ ಸೀಮೆಯ ಅನುಭವವೂ ಇದೇ ದಿಕ್ಕಿನದು. ಕಳೆದರೆ ಮರಳಿ ಬಾರದ ಕೆರೆಸರಣಿ, ರಾಜಕಾಲುವೆ, ಗೋಮಾಳಗಳ ರಕ್ಷಣೆ ಮೊದಲ ಬೇಡಿಕೆಯಾಗಬೇಕು. ಅವುಗಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗೆ ಅಧಿಕಾರ ಹಾಗೂ ಅನುದಾನ ಎರಡನೆಯದು. ದೊಡ್ಡ ಯೋಜನೆಗಳಲ್ಲಿ ಭೂರಹಿತರ ಪಾಲು ಮೂರನೆಯದು. ಉದ್ಯಾನಗಳ ಅಲಂಕಾರವೂ ವೃತ್ತಿಯ ಮಾನ್ಯತೆಯೂ ಅನಂತರದ ಮಾತು. ನೆಲದ ರಕ್ಷಣೆಗೆ ಮೊದಲು ನಿಂತ ವೃತ್ತಿಗೆ ಮಾನ್ಯತೆಯನ್ನು ಕೇಳುವ ನೈತಿಕ ಬಲವೂ ಅಲ್ಲಿಂದಲೇ ದೊರೆಯುತ್ತದೆ. ಖಾನ್ ಬಾಗಿನ ಕಥೆ ಸೂಚಿಸುವ ಕ್ರಮವೂ ಇದೇ ಆಗಿದೆ.